ಹೊಟ್ಟೆಯ ಸುತ್ತಳತೆಗೆ ಸಿಗದ ಅಂಗ: ಪುಣೆಯ ನವಜಾತ ಶಿಶುಗಳ ಯಕೃತ್ತು ಮತ್ತು ಮೂತ್ರಪಿಂಡ

ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ನಗರಕ್ಕೆ ಸಮೀಪದ ಆರು ಹಳ್ಳಿಗಳ ಗರ್ಭಿಣಿಯರ ಪೋಷಣೆಯನ್ನು ಅಧ್ಯಯನ ಮಾಡಿದರು. ಅಲ್ಲಿ ಹುಟ್ಟಿದ ಕೂಸುಗಳ ಸರಾಸರಿ ತೂಕ ಸುಮಾರು 2.7 ಕೆ.ಜಿ.; ಹೋಲಿಕೆಗೆ ತೆಗೆದುಕೊಂಡ ಇಂಗ್ಲೆಂಡಿನ ಸೌತಾಂಪ್ಟನ್ ಶಿಶುಗಳದ್ದು 3.5 ಕೆ.ಜಿ. ಕೊರತೆ ಮೈಯೆಲ್ಲ ಒಂದೇ ಸಮನಾಗಿ ಹಂಚಿಹೋಗಿರಲಿಲ್ಲ. ಚರ್ಮದಡಿಯ ಕೊಬ್ಬು ಬಹುಮಟ್ಟಿಗೆ ಉಳಿದಿತ್ತು. ಸ್ನಾಯು ಮತ್ತು ಹೊಟ್ಟೆಯ ಸುತ್ತಳತೆ ಹೆಚ್ಚು ಕುಗ್ಗಿದ್ದವು. 2003ರಲ್ಲಿ ಪ್ರಕಟವಾದ ಈ ವರದಿಯಿಂದ ‘ತೆಳ್ಳಗಿದ್ದೂ ಕೊಬ್ಬುಳ್ಳ ಭಾರತೀಯ ಶಿಶು’ ಎಂಬ ಕಲ್ಪನೆ ಮಧುಮೇಹ ಸಂಶೋಧನೆಯಲ್ಲಿ ನೆಲೆಯೂರಿತು. ಉದರದ ಅಂಗಗಳು ಚಿಕ್ಕವಾಗಿವೆ ಎಂಬ ಅದರ ಇನ್ನೊಂದು ಮಾತಿನ ಮೇಲೆ ಅಷ್ಟು ಚರ್ಚೆ ನಡೆದಿಲ್ಲ. ಆ ಒಂದೇ ಮಾತಿನಲ್ಲಿ ತೀರ ಬೇರೆ ಭವಿಷ್ಯವುಳ್ಳ ಯಕೃತ್ತು, ಮೂತ್ರಪಿಂಡ ಎಂಬ ಎರಡು ಅಂಗಗಳು ಸೇರಿಕೊಂಡಿವೆ, ಅಳತೆಪಟ್ಟಿ ಹಿಡಿಯುವುದು ಮುಖ್ಯವಾಗಿ ಚೇತರಿಸಿಕೊಳ್ಳಬಲ್ಲ ಅಂಗವನ್ನೇ ಎಂಬುದು ಇಲ್ಲಿನ ವಾದ.

ಪುಣೆಯ ಮಾಂಸದಂಗಡಿಯಲ್ಲಿ ಕ್ರಮವಾಗಿ ಕಲೇಜಿ, ಗುರ್ದಾ ಎನ್ನುವ ಕುರಿಯ ಈ ಎರಡು ಅಂಗಗಳನ್ನು ಕೊಯ್ದರೆ ರಚನೆಯ ಭೇದ ಬರಿಗಣ್ಣಿಗೇ ಕಾಣುತ್ತದೆ. ಕಲೇಜಿಯನ್ನು ಎಲ್ಲಿ, ಯಾವ ದಿಕ್ಕಿನಲ್ಲಿ ಕೊಯ್ದರೂ ಅದೇ ನುಣುಪಾದ ಕಂದುಗೆಂಪು ಮೈ. ಗುರ್ದಾವನ್ನು ಉದ್ದಕ್ಕೆ ಸೀಳಿದರೆ ಹೊರಪದರದ ಬಣ್ಣವೇ ಬೇರೆ, ಒಳತಿರುಳಿನ ಬಣ್ಣವೇ ಬೇರೆ. ತಿರುಳಿನ ನಸುಗೆರೆಗಳೆಲ್ಲ ಮೂತ್ರ ಸೇರುವ ನಡುವಿನ ಬಟ್ಟಲಿನತ್ತ ಮುಖ ಮಾಡಿರುತ್ತವೆ. ಸೂಕ್ಷ್ಮದರ್ಶಕದಲ್ಲಿ ಯಕೃತ್ತು ಒಂದೆರಡು ಮಿಲಿಮೀಟರ್ ಅಗಲದ ಕಿರುಹಾಲೆಗಳ ರಾಶಿ. ಅದಕ್ಕೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಕರುಳು ಮತ್ತು ಗುಲ್ಮವನ್ನು ಹಾದು ಪೋರ್ಟಲ್ ಅಭಿಧಮನಿಯ ಮೂಲಕ ಕಡಿಮೆ ಒತ್ತಡದಲ್ಲಿ ಬಂದು, ಜೀವಕೋಶಗಳ ಸಾಲುಗಳನ್ನು ತೋಯಿಸುತ್ತ ಹರಿಯುತ್ತದೆ. ಮೂತ್ರಪಿಂಡಕ್ಕೆ ಬರುವುದು ಮಹಾಧಮನಿಯಿಂದ ನೇರವಾಗಿ ಕವಲೊಡೆದ ರಕ್ತ. ಅದರ ಸೋಸುವ ಘಟಕವಾದ ಪ್ರತಿ ನೆಫ್ರಾನಿನ ತಲೆಯಲ್ಲಿರುವ ಲೋಮನಾಳಗಳ ಗೊಂಚಲಿಗೆ ಒಳಬರುವುದೂ ಕಿರುಧಮನಿ, ಹೊರಹೋಗುವುದೂ ಕಿರುಧಮನಿ; ಹಾಗಾಗಿ ಅಲ್ಲಿ ಒತ್ತಡ ಹೆಚ್ಚಾಗಿಯೇ ಉಳಿದು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿಹೋಗುತ್ತದೆ. ನಳಿಕೆಗಳು ಅದರಲ್ಲಿ ಬಹುಪಾಲನ್ನು ಮರಳಿ ಹೀರಿಕೊಂಡು ಒಂದೂವರೆ ಲೀಟರಿನಷ್ಟನ್ನು ಮೂತ್ರವಾಗಿ ಬಿಡುತ್ತವೆ. ವಿಷಕಾರಿ ಅಮೋನಿಯಾವನ್ನು ಯೂರಿಯಾ ಆಗಿ ಬದಲಿಸುವುದು ಯಕೃತ್ತು, ಆ ಯೂರಿಯಾವನ್ನು ಹೊರಗೆ ಸಾಗಿಸುವುದು ಮೂತ್ರಪಿಂಡ. ಮೊದಲ ಕೆಲಸಕ್ಕೆ ರಕ್ತದ ಪಕ್ಕದಲ್ಲಿ ಇನ್ನಷ್ಟು ಜೀವಕೋಶಗಳಿದ್ದರೆ ಆಯಿತು. ಎರಡನೆಯದಕ್ಕೆ ಗೊಂಚಲಿನಿಂದ ಬಟ್ಟಲಿನವರೆಗೆ ಎಲ್ಲೂ ಕಡಿಯದ ಇಡೀ ನಳಿಕೆಯೇ ಬೇಕು.

ಬೆಳವಣಿಗೆಯ ಭೇದ ಹುಟ್ಟುವುದು ಇಲ್ಲಿಂದ. ಯಕೃತ್ತಿನ ಜೀವಕೋಶಗಳು ಬೇಕೆಂದಾಗ ಜೀವನದುದ್ದಕ್ಕೂ ವಿಭಜನೆಯಾಗಬಲ್ಲವು. ನೆಫ್ರಾನುಗಳು ಹುಟ್ಟುವುದು ಗರ್ಭದ ಸುಮಾರು 36ನೇ ವಾರದವರೆಗೆ ಮಾತ್ರ. ತಿಂಗಳು ತುಂಬಿ ಹುಟ್ಟಿದ ಮಗುವಿಗೆ ಆಮೇಲೆ ಒಂದೂ ಹೊಸದು ಸೇರುವುದಿಲ್ಲ. ಒಂದು ಮೂತ್ರಪಿಂಡದಲ್ಲಿ ಸರಾಸರಿ ಹತ್ತು ಲಕ್ಷ ಎಂದು ಪಠ್ಯಗಳು ಹೇಳಿದರೂ ವ್ಯಕ್ತಿಯಿಂದ ವ್ಯಕ್ತಿಗೆ ಅದು ಎರಡು ಲಕ್ಷದಿಂದ ಇಪ್ಪತ್ತೈದು ಲಕ್ಷದವರೆಗೂ ಬದಲಾಗುತ್ತದೆ. 2003ರಲ್ಲೇ ಪ್ರಕಟವಾದ ಅಮೆರಿಕದ ಶವಪರೀಕ್ಷೆಗಳ ಲೆಕ್ಕದಲ್ಲಿ ಜನನತೂಕ ಒಂದು ಕೆ.ಜಿ. ಹೆಚ್ಚಿದಂತೆ ಪ್ರತಿ ಮೂತ್ರಪಿಂಡದಲ್ಲಿ ಸುಮಾರು 2.5 ಲಕ್ಷ ನೆಫ್ರಾನುಗಳು ಹೆಚ್ಚು ಕಂಡಿದ್ದವು. ಆ ಲೆಕ್ಕವನ್ನು ಪುಣೆಗೆ ಹಾಗೇ ಹಚ್ಚುವುದು ತಪ್ಪಾದೀತು, ಆದರೆ ದಿಕ್ಕು ಸ್ಪಷ್ಟ. ಇನ್ನು ಅಳತೆಪಟ್ಟಿಯ ವಿಷಯ. ನವಜಾತ ಶಿಶುವಿನ ಯಕೃತ್ತು ದೇಹತೂಕದ ಸುಮಾರು ಇಪ್ಪತ್ತರಲ್ಲೊಂದು ಪಾಲು, ಅಂದರೆ ನೂರು ಗ್ರಾಮಿಗೂ ಮೇಲೆ. ಎರಡೂ ಮೂತ್ರಪಿಂಡ ಕೂಡಿದರೆ ಇಪ್ಪತ್ತೈದು ಗ್ರಾಂ ಆಸುಪಾಸು, ಅವೂ ಬೆನ್ನಿಗಂಟಿ ಹಿಂದೆ ಕೂತಿರುತ್ತವೆ. ಹೊಕ್ಕುಳ ಮಟ್ಟದಲ್ಲಿ ಸುತ್ತಿದ ಪಟ್ಟಿಗೆ ಅವು ಕಾಣುವುದೇ ಇಲ್ಲ.

ಯಕೃತ್ತೂ ನಿಜವಾಗಿ ಮರುಹುಟ್ಟುವುದಿಲ್ಲ, ದಾನಿಯಿಂದ ಕತ್ತರಿಸಿದ ಹಾಲೆ ಮತ್ತೆ ಮೂಡದೆ ಉಳಿದ ಭಾಗವೇ ಹಿಗ್ಗುತ್ತದೆ, ಮೂತ್ರಪಿಂಡ ಕೊಟ್ಟವರಲ್ಲೂ ಉಳಿದದ್ದು ಹಿಗ್ಗುತ್ತದಲ್ಲ ಎಂಬ ಆಕ್ಷೇಪ ಗಟ್ಟಿಯಾದದ್ದು. ಹಿಗ್ಗುವ ಬಗೆಯಲ್ಲಿ ಅದಕ್ಕೆ ಉತ್ತರವಿದೆ. ಯಕೃತ್ತಿನಲ್ಲಿ ಹೊಸ ಜೀವಕೋಶಗಳು ಸೇರಿ ಕೆಲಸ ಹೆಚ್ಚುಕಡಿಮೆ ಪೂರ್ತಿ ಮರಳುತ್ತದೆ. ಮೂತ್ರಪಿಂಡದಲ್ಲಿ ಇದ್ದ ನೆಫ್ರಾನುಗಳೇ ದಪ್ಪಗಾಗಿ, ಸೋಸುವ ಪ್ರಮಾಣ ಮೊದಲಿನ ಮೂರರಲ್ಲಿ ಎರಡು ಪಾಲಿನ ಸುತ್ತ ನಿಲ್ಲುತ್ತದೆ. ಇಲಿಜ್ವರದಲ್ಲಿ ಹಾಳಾದ ನಳಿಕೆಗಳು ವಾಸಿಯಾಗುವುದುಂಟು, ಆದರೆ ಹಳೆಯ ನಳಿಕೆಯ ಹಂದರ ಉಳಿದಿದ್ದರೆ ಅದರೊಳಗೆ ಒಳಮೈ ಮಾತ್ರ ಹೊಸದಾಗುತ್ತದೆ. ದಾನಿಗಳು ಆರೋಗ್ಯವಾಗಿಯೇ ಬದುಕುತ್ತಾರೆ, ನಿಜ. ಅವರು ಪರೀಕ್ಷೆಯಲ್ಲಿ ಆಯ್ದ, ಮಧುಮೇಹ, ರಕ್ತದೊತ್ತಡ ಇಲ್ಲದ ಜನ. ಪುಣೆಯ ತೆಳು ಶಿಶುವಿಗೆ ಅದೇ ಅಧ್ಯಯನದ ಪ್ರಕಾರ ಮಧುಮೇಹದ ಅಪಾಯವೂ ಜೊತೆಗಿದೆ. ಯಕೃತ್ತು ಸುರಕ್ಷಿತ ಎಂದೂ ಇದರ ಅರ್ಥವಲ್ಲ: ಕೊಬ್ಬು ಮೊದಲು ತುಂಬುವ ಅಂಗಗಳಲ್ಲಿ ಅದೂ ಒಂದು. ಆದರೆ ಆ ಕೊಬ್ಬು ಕರಗಬಲ್ಲದು. ನೆಫ್ರಾನಿನ ಲೆಕ್ಕ ತುಂಬಿಕೊಳ್ಳದು.

ಆದ್ದರಿಂದ ಉದರದ ಸುತ್ತಳತೆಯನ್ನು ಮೂತ್ರಪಿಂಡದ ಸೂಚಕವಾಗಿ ಬಳಸುವುದನ್ನು ಬಿಡಬೇಕು. ಅದರ ಜಾಗದಲ್ಲಿ ಅಲ್ಟ್ರಾಸೌಂಡಿನ ಗಾತ್ರ, ಮೂತ್ರದ ಆಲ್ಬುಮಿನ್, ರಕ್ತದೊತ್ತಡ ಮೂರನ್ನೂ ಒಟ್ಟಿಗೆ ಇಡಬೇಕು. ಅಂದು ಹುಟ್ಟಿದ ಕೂಸುಗಳಿಗೆ ಈಗ ಮೂವತ್ತರ ಆಸುಪಾಸು, ಅವರಲ್ಲಿ ಹಲವು ಹೆಣ್ಣುಮಕ್ಕಳು ತಾಯಂದಿರಾಗಿದ್ದಾರೆ. ಬಸಿರಿನಲ್ಲಿ ಮೂತ್ರಪಿಂಡ ಸೋಸುವ ಪ್ರಮಾಣ ಸುಮಾರು ಅರ್ಧದಷ್ಟು ಏರಬೇಕು. ಆ ಹೆಚ್ಚಿನ ಕೆಲಸಕ್ಕೆ ಅವರ ಬಳಿ ಇರುವುದು ತಮ್ಮ ತಾಯಿಯ ಗರ್ಭದಲ್ಲಿ ದೊರೆತಷ್ಟೇ ನೆಫ್ರಾನುಗಳು.