ಹಳೆ ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿದರೆ ಮನೆ ಗಟ್ಟಿಯಾಗುತ್ತದೆಯೇ?

ಮಳೆಗಾಲ ಹತ್ತಿರ ಬಂದರೆ ಈ ಸಲಹೆ ಕೇಳಿಬರುತ್ತದೆ: ಹಳೆ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿಬಿಡಿ, ನೀರು ಇಳಿಯುವುದಿಲ್ಲ. ಯಾದಗಿರಿ ಜಿಲ್ಲೆಯ ರಾಮಸಮುದ್ರದಂಥ ಊರುಗಳಲ್ಲಿ, ದೊಡ್ಡ ಮನೆ ಅಣ್ಣತಮ್ಮಂದಿರಲ್ಲಿ ಹಂಚಿಹೋಗಿ ಎರಡೇ ಕೋಣೆ ಪಾಲಿಗೆ ಬಂದವರಿಗೆ ಇದು ಅಗ್ಗದ ದಾರಿ ಎನಿಸುತ್ತದೆ. ಗೋಡೆ ಹೊಸದರಂತೆ ಕಾಣುವುದು ನಿಜ. ಗಟ್ಟಿಯಾಗುತ್ತದೆ ಎಂಬುದು ತಪ್ಪು.

ಒಳಗೆ ಏನಾಗುತ್ತದೆ?

ಹಳೆ ಕಲ್ಲು-ಮಣ್ಣಿನ ಗೋಡೆ ನೆಲದಿಂದ ತೇವ ಹೀರುತ್ತದೆ. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ. ಮಣ್ಣು ಅಥವಾ ಸುಣ್ಣದ ಗಿಲಾವು ಇದ್ದರೆ ಆ ತೇವ ಹೊರಗೆ ಆರಿಹೋಗುತ್ತದೆ. ಸಿಮೆಂಟ್ ಅದನ್ನು ತಡೆಯುತ್ತದೆ. ತೇವ ಇನ್ನಷ್ಟು ಮೇಲೇರುತ್ತದೆ. ಸಿಮೆಂಟ್ ಮತ್ತು ಮಣ್ಣು ಒಂದೇ ರೀತಿ ಹಿಗ್ಗಿ ಕುಗ್ಗುವುದಿಲ್ಲವಾದ್ದರಿಂದ ಸಣ್ಣ ಬಿರುಕು ಬೀಳುತ್ತವೆ, ಅಲ್ಲಿಂದ ಮಳೆನೀರೂ ಒಳಗೆ ಹೋಗುತ್ತದೆ. ನೆನೆದ ಮಣ್ಣಿಗೆ ಭಾರ ಹೊರುವ ಶಕ್ತಿ ಇರುವುದಿಲ್ಲ. ಅಪಾಯ ಇರುವುದೇ ಇಲ್ಲಿ: ಒಳಗೆ ಮಣ್ಣು ಮೆತ್ತಗಾಗಿದ್ದರೂ ಹೊರಗಿನ ಗಿಲಾವು ನೆಟ್ಟಗೆ ನಿಂತಿರುತ್ತದೆ. ಮಲಗಿದವರಿಗೆ ಸುಳಿವೇ ಸಿಗುವುದಿಲ್ಲ.

ಹಾಗಾದರೆ ಏನು ಮಾಡಬೇಕು?

ಮೊದಲು ಗೋಡೆಯ ಬುಡ ನೋಡಿ. ಇದಕ್ಕೆ ಖರ್ಚಿಲ್ಲ. ಮಾಳಿಗೆಯ ನೀರು, ಬಚ್ಚಲ ನೀರು ಅಲ್ಲೇ ನಿಲ್ಲುತ್ತಿದೆಯೇ? ಹಳೆ ರಸ್ತೆಯ ಮೇಲೆಯೇ ಸಿಸಿ ರಸ್ತೆ ಹಾಕಿ ಹಾಕಿ ಬೀದಿ ಎತ್ತರವಾಗಿ, ಮನೆ ತಗ್ಗಿನಲ್ಲಿ ಉಳಿದಿದೆಯೇ? ನೀರು ದೂರ ಹರಿಯುವಂತೆ ಮಾಡದೆ ಯಾವ ಗಿಲಾವು ಹಚ್ಚಿದರೂ ದುಡ್ಡು ದಂಡ.

ಬೇಸಿಗೆಯಲ್ಲಿ ಗೋಡೆ ಚೆನ್ನಾಗಿ ಒಣಗಿದ ಮೇಲೆ, ಸಡಿಲವಾದ ಸಿಮೆಂಟನ್ನು ಮಾತ್ರ ಮೆಲ್ಲಗೆ ತೆಗೆಯಿರಿ. ಜೋರಾಗಿ ಕುಟ್ಟಿದರೆ ಗೋಡೆಯೇ ಕಿತ್ತು ಬರಬಹುದು. ಮಣ್ಣಿನ ಗೋಡೆಗೆ ಮಣ್ಣು-ಹೊಟ್ಟು ಕಲಸಿದ ಗಿಲಾವು, ಮೇಲೆ ತೆಳುವಾಗಿ ಎರಡು-ಮೂರು ಸಲ ಸುಣ್ಣ. ಕಲ್ಲಿನ ಗೋಡೆಗೆ 1 ಪಾಲು ಸುಣ್ಣಕ್ಕೆ 3 ಪಾಲು ಮರಳಿನ ಗಾರೆ ಸಾಮಾನ್ಯ ಅಳತೆ. ಸಿಮೆಂಟ್ ತಯಾರಿಸಲು ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಸುಣ್ಣಕ್ಕೆ 900ರ ಆಸುಪಾಸು ಸಾಕು. ಆ ಲೆಕ್ಕದಲ್ಲೂ ಸುಣ್ಣವೇ ವಾಸಿ. ಆದರೆ ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಅದು ಕುದಿಯುತ್ತದೆ. ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಮಾಳಿಗೆಗೆ ಕಾಂಕ್ರೀಟ್ ಹಾಕಬಹುದೇ?

ಹಳೆ ತೊಲೆಗಳ ಮೇಲೆ ಬೇಡ. 10 ಅಡಿಗೆ 10 ಅಡಿ ಕೋಣೆಯ ಮೇಲೆ ಬರೀ 2 ಇಂಚು ಕಾಂಕ್ರೀಟ್ ಹಾಕಿದರೂ ಸುಮಾರು 1.1 ಟನ್ ಭಾರ. ವರ್ಷವರ್ಷ ಹೊಸ ಮಣ್ಣು ಹೇರುವುದೂ ಇದೇ ತಪ್ಪು. ಹಳೆಯದನ್ನು ತೆಗೆದು ಹಾಕಬೇಕು.

ಗೋಡೆ ಉಬ್ಬಿದ್ದರೆ, ವಾಲಿದ್ದರೆ, ಮೂಲೆಯ ಬಿರುಕು ಅಗಲವಾಗುತ್ತಿದ್ದರೆ ಇವ್ಯಾವೂ ಸಾಲದು. ಎಂಜಿನಿಯರ್‌ಗೆ ತೋರಿಸುವವರೆಗೆ ಆ ಕೋಣೆಯಲ್ಲಿ ಮಲಗಬೇಡಿ. ನಡುಗೋಡೆಯಾದರೆ ಪಕ್ಕದ ಪಾಲಿನವರಿಗೂ ಇವತ್ತೇ ಹೇಳಿ.