ವಾಹನ: ಹೊರುವುದಕ್ಕೊಂದು ಹೆಸರು

ಮಡಿಕೇರಿಯ ಏರುರಸ್ತೆಗಳಲ್ಲಿ ಗಾಡಿಗಳು ಒಂದರ ಬೆನ್ನಿಗೊಂದು ನಿಧಾನವಾಗಿ ಹತ್ತುವಾಗ ಮುಂದಿನ ಗಾಡಿಯ ಹಿಂಗಾಜು ತಾನಾಗಿ ಕಣ್ಣಿಗೆ ಬೀಳುತ್ತದೆ. ‘ಕಾವೇರಮ್ಮ’, ‘ಇಗ್ಗುತ್ತಪ್ಪ’, ‘ಓಂಕಾರೇಶ್ವರ’. ಕೆಳಗೆ ಪುಟ್ಟ ಅಕ್ಷರದಲ್ಲಿ ಮನೆಯ ಮಕ್ಕಳ ಹೆಸರು. ಇವೆಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಗಾಜಿನ ಅಗಲಕ್ಕೂ ಹರಡಿದ ಒಕ್ಕದ, ಅಂದರೆ ಕೊಡವ ಮನೆತನದ, ಹೆಸರು. ಪಕ್ಕದಲ್ಲಿ ಒಂದಕ್ಕೊಂದು ಅಡ್ಡ ಹಾಕಿದ ಕತ್ತಿಗಳ ಚಿತ್ರ. ಆ ಒಂದು ಪದ ಓದಿದರೆ ಸಾಕು, ಒಳಗೆ ಕೂತವರು ಯಾವ ನಾಡಿನವರು, ಯಾವ ಐನ್‌ಮನೆಯವರು, ಅಂದರೆ ಯಾವ ಮೂಲಮನೆಯವರು, ಎಂಬುದು ಊರಿನವರಿಗೆ ತಿಳಿದುಬಿಡುತ್ತದೆ.

ಮಾಂದಲ್‌ಪಟ್ಟಿಗೆ ಪ್ರವಾಸಿಗರನ್ನು ಹತ್ತಿಸುವ ಜೀಪು ಚಾಲಕರ ಬಾಯಲ್ಲಿ ಈ ನಂಟು ಇನ್ನೂ ಹತ್ತಿರದ್ದು. ಕಲ್ಲೆದ್ದ ತಿರುವಿನಲ್ಲಿ ಫೋರ್‌ವ್ಹೀಲ್ ಹಾಕಿ, ಎಡಗೈಯಲ್ಲಿ ಡ್ಯಾಶ್‌ಬೋರ್ಡ್ ತಟ್ಟಿ ‘ಬಾ ಮಗ, ಬಾ’ ಎನ್ನುವವರಿದ್ದಾರೆ. ಜಡಿಮಳೆಯ ಬೆಳಗ್ಗೆ ಎಂಜಿನ್ ಕೆಮ್ಮಿ ಸುಮ್ಮನಾದಾಗ ‘ಇವ್ಳಿಗೆ ಚಳಿ ಸಾರ್, ಎರಡು ಸಲ ಸೆಲ್ಫ್ ಹೊಡೀಬೇಕು’ ಎಂದು ಅವಳ ಪರ ವಹಿಸುವವರೂ ಇದ್ದಾರೆ.

ಉಕ್ಕು, ರಬ್ಬರು, ಡೀಸೆಲ್ಲು ಸೇರಿದ ಒಂದು ಯಂತ್ರಕ್ಕೆ ಮಗ, ಇವಳು ಎಂದೇಕೆ? ಪ್ರೀತಿಗೆ, ಭಯಕ್ಕೆ, ಒಂಟಿ ದಾರಿಯಲ್ಲಿ ಮಾತಿಗೊಂದು ಜೊತೆ ಬೇಕೆಂಬ ಆಸೆಗೆ ಎಂದು ಹೇಳಿಬಿಡಬಹುದು. ಅದು ಲೋಕಕ್ಕೆಲ್ಲ ಸಲ್ಲುವ ಉತ್ತರ. ನಮ್ಮ ನಾಡಿನ ಮಟ್ಟಿಗೆ ಇನ್ನೂ ಖಚಿತವಾದ ಉತ್ತರವೊಂದು ‘ವಾಹನ’ ಎಂಬ ಪದದ ಒಳಗೇ ಕೂತಿದೆ ಎಂಬುದು ನನ್ನ ನಂಬಿಕೆ. ನಾವು ವಾಹನಕ್ಕೆ ಹೊಸದಾಗಿ ಹೆಸರಿಡಲು ಕಲಿತವರಲ್ಲ. ಹೆಸರಿದ್ದ ಜೀವಿಯನ್ನೇ ಮೊದಲು ವಾಹನ ಎಂದು ಕರೆದವರು.

ಪದದ ಬೇರು ಸಂಸ್ಕೃತದ ‘ವಹ್’ ಧಾತು. ಹೊರು, ಒಯ್ಯು ಎಂದು ಅರ್ಥ. ಇದರ ಬಳಗ ದೊಡ್ಡದು. ನೀರು ಹೊತ್ತೊಯ್ಯುವುದು ಪ್ರವಾಹ, ಮದುವಣಗಿತ್ತಿಯನ್ನು ಕರೆದೊಯ್ಯುವುದು ವಿವಾಹ, ದೇವರನ್ನು ಕಲಶಕ್ಕೆ ತಂದುಕೊಳ್ಳುವುದು ಆವಾಹನೆ. ಹೊಣೆ ‘ವಹಿಸು’ವುದೂ ಇದೇ ಕುಟುಂಬದ್ದು. ಲ್ಯಾಟಿನ್ನಿನ ‘ವೆಹೆರೆ’, ಜರ್ಮನ್ನಿನ ‘ವಾಗನ್’, ಇಂಗ್ಲಿಷಿನ ‘ವ್ಯಾಗನ್’ ದೂರದ ದಾಯಾದಿಗಳು. ಮಡಿಕೇರಿಯ ಇಕ್ಕಟ್ಟು ರಸ್ತೆಗಳಲ್ಲಿ ನುಸುಳಿ ಹೋಗುವ ಮಾರುತಿ ವ್ಯಾಗನ್-ಆರ್ ಕಾರಿನ ಹೆಸರೂ ಆ ಹಳೆಯ ಬೇರಿನದೇ.

ಆದರೆ ಈ ಪದದ ಬಾಳಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಪುಟ ಇರುವುದು ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ. ಎಂಟನೆಯ ಅಧ್ಯಾಯದ ನಾಲ್ಕನೆಯ ಪಾದದಲ್ಲಿ ‘ವಾಹನ’ ಶಬ್ದಕ್ಕೆಂದೇ ಒಂದು ಸೂತ್ರವಿದೆ. ಸಮಾಸದ ಮೊದಲ ಪದ ಗಾಡಿಯ ಮೇಲೆ ಹೇರಿದ ಸರಕನ್ನು ಹೇಳುತ್ತಿದ್ದು, ಅದರಲ್ಲಿ ರಕಾರವೋ ಷಕಾರವೋ ಇದ್ದರೆ ‘ವಾಹನ’ದ ನಕಾರ ಣಕಾರವಾಗುತ್ತದೆ. ಕಬ್ಬು ಹೇರಿದ ಗಾಡಿ ‘ಇಕ್ಷುವಾಹಣ’. ಮೊದಲ ಪದ ಗಾಡಿಯ ಒಡೆಯರನ್ನು ಹೇಳುತ್ತಿದ್ದರೆ ನಕಾರ ಹಾಗೆಯೇ ಉಳಿಯುತ್ತದೆ. ಏಳನೆಯ ಶತಮಾನದ ಕಾಶಿಕಾವೃತ್ತಿ ಇದಕ್ಕೆ ಕೊಡುವ ಉದಾಹರಣೆ ‘ದಾಕ್ಷಿವಾಹನ’. ದಕ್ಷನ ವಂಶದವರು ದಾಕ್ಷಿ. ಅದು ಕುಲದ ಹೆಸರು!

ಎರಡು ಸಾವಿರ ವರ್ಷಕ್ಕೂ ಹಿಂದಿನ ಆ ವೈಯಾಕರಣನ ಕಿವಿಗೆ ಸರಕಿನ ಗಾಡಿ ಬೇರೆ, ಮನೆತನದ ಗಾಡಿ ಬೇರೆ ಎಂಬುದು ಒಂದು ಅಕ್ಷರದ ಉಚ್ಚಾರದಲ್ಲೇ ಕೇಳುತ್ತಿತ್ತು. ಆ ಭೇದ ಇಂದಿಗೂ ನಮ್ಮ ಬೀದಿಯಲ್ಲಿ ಜೀವಂತವಾಗಿದೆ. ಬೆಳಗ್ಗೆ ‘ಮೀನಿನ ಗಾಡಿ ಬಂತು’, ‘ಹಾಲಿನ ಗಾಡಿ ಹೋಯ್ತು’ ಎನ್ನುತ್ತೇವೆ. ಆ ಗಾಡಿಗೆ ಹೊತ್ತ ಸರಕೇ ಹೆಸರು. ಒಕ್ಕದ ಹೆಸರು ಹೊತ್ತ ಜೀಪು ಕಂಡಾಗ ಮಾತ್ರ ‘ಅದು ಇಂಥವರ ಗಾಡಿ’ ಎನ್ನುತ್ತೇವೆ. ಕೊಡಗಿನ ಹಿಂಗಾಜಿನ ಮೇಲೆ ಬರೆದಿರುವುದು ‘ದಾಕ್ಷಿವಾಹನ’ವೇ.

ಈ ಪದ ನಮ್ಮ ಜನರ ಕಿವಿಗೆ ಬಿದ್ದದ್ದು ವ್ಯಾಕರಣದಿಂದಲ್ಲ, ಗುಡಿಯಿಂದ. ಶಿವನಿಗೆ ನಂದಿ, ವಿಷ್ಣುವಿಗೆ ಗರುಡ, ಗಣಪತಿಗೆ ಇಲಿ, ಸುಬ್ರಹ್ಮಣ್ಯನಿಗೆ ನವಿಲು. ಉತ್ಸವಮೂರ್ತಿಯನ್ನು ಗಜವಾಹನ, ಅಶ್ವವಾಹನ, ಹಂಸವಾಹನಗಳ ಮೇಲೆ ಕೂರಿಸಿ ಬೀದಿಗೆ ತರುವ ದೇವಸ್ಥಾನಗಳಲ್ಲಿ ‘ವಾಹನ’ ಎಂದರೆ ಕಣ್ಣು ಮೂಗು ಕೆತ್ತಿದ, ಕೊರಳಿಗೆ ಗಂಟೆ ಕಟ್ಟಿದ ಜೀವದಾಕೃತಿ. ಮೋಟಾರು ಬಂದಾಗ ಸರ್ಕಾರಕ್ಕೆ ಅದನ್ನು ಕರೆಯಲು ಪದ ಬೇಕಾಯಿತು. 1914ರಲ್ಲಿ, 1939ರಲ್ಲಿ, 1988ರಲ್ಲಿ ಬಂದ ಕೇಂದ್ರದ ಕಾಯಿದೆಗಳು ಕನ್ನಡದಲ್ಲಿ ‘ಮೋಟಾರು ವಾಹನ ಕಾಯಿದೆ’ ಆದವು. ಕಾಯಿದೆಗೆ ವಾಹನ ಎಂದರೆ ಎಂಜಿನ್ ನಂಬರು, ಚಾಸಿ ನಂಬರು, ಮಡಿಕೇರಿಯಲ್ಲಾದರೆ ಕೆಎ-12. ಜನರ ಮನಸ್ಸಿನಲ್ಲಿ ಆ ಪದದ ಬೆನ್ನಿಗೆ ನಂದಿ, ಗರುಡರೂ ನಡೆದು ಬಂದರು. ಆಯುಧಪೂಜೆಯ ದಿನ ಚಕ್ರದಡಿ ನಿಂಬೆಹಣ್ಣು ಇಟ್ಟು, ಬಾನೆಟ್ಟಿಗೆ ಚೆಂಡುಹೂ ಕಟ್ಟಿ, ಬೂದುಗುಂಬಳ ನಿವಾಳಿಸುವಾಗ ನಾವು ನಡೆದುಕೊಳ್ಳುವುದು ಗುಡಿಯ ಅರ್ಥದ ಪ್ರಕಾರ, ಕಾಯಿದೆಯ ಅರ್ಥದ ಪ್ರಕಾರವಲ್ಲ.

ಸರ್ಕಾರವೂ ಕೊನೆಗೆ ಜನರ ಅರ್ಥಕ್ಕೇ ಬಂತು. ಮಡಿಕೇರಿಯ ಕೆಎಸ್‌ಆರ್‌ಟಿಸಿ ನಿಲ್ದಾಣದಲ್ಲಿ ನಿಂತವರು ‘ರಾಜಹಂಸ ಎಷ್ಟೊತ್ತಿಗೆ?’, ‘ಐರಾವತದಲ್ಲಿ ಸೀಟಿದೆಯಾ?’ ಎಂದು ಕೇಳುತ್ತಾರೆ. ಹಂಸ ಬ್ರಹ್ಮನ ವಾಹನ, ಐರಾವತ ಇಂದ್ರನದು. ಆಮೇಲೆ ಬಂದ ‘ಅಂಬಾರಿ’, 2023ರ ‘ಪಲ್ಲಕ್ಕಿ’, 2024ರ ‘ಅಶ್ವಮೇಧ’ ಎಲ್ಲವೂ ಹೊರುವ ಪ್ರಾಣಿಗಳ, ಹೊತ್ತು ಸಾಗುವ ಆಸನಗಳ ನೆನಪಿನಿಂದಲೇ ಎದ್ದ ಹೆಸರುಗಳು.

ಜೀಪಿನ ಕಥೆಯೂ ಇಲ್ಲಿಗೆ ಹತ್ತಿರದ್ದೇ. ಆ ಹೆಸರು ಎಲ್ಲಿಂದ ಬಂತೆಂಬ ಬಗ್ಗೆ ಎರಡು ವಾದಗಳಿವೆ. ‘ಜಿ.ಪಿ.’ ಎಂಬ ಎರಡಕ್ಷರ ಕೂಡಿ ಜೀಪ್ ಆಯಿತೆಂಬುದು ಒಂದು. ಅಮೆರಿಕದ ಪಪಾಯ್ ಚಿತ್ರಕಥೆಯಲ್ಲಿ 1936ರಲ್ಲಿ ಕಾಣಿಸಿಕೊಂಡ, ಎಲ್ಲಿಗೆ ಬೇಕಾದರೂ ಹೋಗಬಲ್ಲ ‘ಯೂಜೀನ್ ದ ಜೀಪ್’ ಎಂಬ ವಿಚಿತ್ರ ಪ್ರಾಣಿಯ ಹೆಸರನ್ನೇ ಸೈನಿಕರು ಗಾಡಿಗೆ ಇಟ್ಟರೆಂಬುದು ಇನ್ನೊಂದು. ಎರಡನೆಯದು ನಿಜವಾದರೆ ಜೀಪೂ ಮೊದಲು ಒಂದು ಜೀವಿಯೇ. ಮಹೀಂದ್ರ ಕಂಪನಿ 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸತೊಡಗಿತು. ಕೊಡಗಿನ ತೋಟದ ದಾರಿಗಳಿಗೆ ಅದಕ್ಕಿಂತ ಹೊಂದುವ ಗಾಡಿ ಬೇರೆ ಸಿಗಲಿಲ್ಲ.

‘ಕಾರು’ ಎಂಬ ಪದ ನಮ್ಮಲ್ಲಿಗೆ ಬಂದದ್ದು ಪೆಟ್ರೋಲಿನ ಜೊತೆಗೇ ಎಂದುಕೊಳ್ಳುವವರು ಉಡುಪಿಯ, ಮಂಗಳೂರಿನ ರಥಬೀದಿಗಳನ್ನು ನೆನೆಯಬೇಕು. ಅವುಗಳ ಇಂಗ್ಲಿಷ್ ಹೆಸರು ಕಾರ್ ಸ್ಟ್ರೀಟ್. ಹಳೆಯ ಇಂಗ್ಲಿಷ್ ಕಾವ್ಯದಲ್ಲಿ ‘ಕಾರ್’ ಎಂದರೆ ರಥ. ಮೋಟಾರು ಹುಟ್ಟುವ ಮೊದಲೇ ಬ್ರಿಟಿಷರು ನಮ್ಮ ರಥೋತ್ಸವವನ್ನು ಕಾರ್ ಫೆಸ್ಟಿವಲ್ ಎಂದು ಬರೆದಿದ್ದರು. ಆ ಅರ್ಥದ ಕಾರುಗಳಿಗೆ ನಾವು ಹಿಂದಿನಿಂದಲೂ ಹೆಸರಿಟ್ಟಿದ್ದೇವೆ. ನಂಜನಗೂಡಿನ ಶ್ರೀಕಂಠೇಶ್ವರನ ದೊಡ್ಡ ತೇರು ‘ಗೌತಮ ರಥ’, ಉಡುಪಿಯದು ‘ಬ್ರಹ್ಮರಥ’. ಪುರಿಯಲ್ಲಿ ಜಗನ್ನಾಥನದು ‘ನಂದಿಘೋಷ’, ಬಲಭದ್ರನದು ‘ತಾಲಧ್ವಜ’, ಸುಭದ್ರೆಯದು ‘ದರ್ಪದಲನ’. ಅಲ್ಲಿ ವರ್ಷವರ್ಷವೂ ಹೊಸ ಮರದಲ್ಲಿ ರಥ ಕಟ್ಟುತ್ತಾರೆ. ಮರ ಬದಲಾಗುತ್ತದೆ, ಹೆಸರು ಬದಲಾಗುವುದಿಲ್ಲ. ಹಳೆಯ ಗಾಡಿ ಮಾರಿ ಹೊಸದು ತಂದಾಗ ಅದರ ಮೇಲೂ ಅದೇ ಹೆಸರು ಬರೆಸುವ ಲಾರಿ ಮಾಲೀಕರ ಮನಸ್ಸು ಇದಕ್ಕಿಂತ ಬೇರೆಯಲ್ಲ.

ಇನ್ನು ಲಿಂಗದ ಮಾತು. ಇಲ್ಲಿ ಕನ್ನಡದ ದಾರಿಯೇ ಬೇರೆ. ಫ್ರೆಂಚ್, ಇಟಾಲಿಯನ್, ಜರ್ಮನ್ನುಗಳಲ್ಲಿ ಮೇಜಿಗೂ ಕಿಟಕಿಗೂ ಲಿಂಗವಿದೆ. ಹಾಗಾಗಿ ಮೋಟಾರು ಬಂದ ಕೂಡಲೇ ಅದು ಗಂಡೋ ಹೆಣ್ಣೋ ಎಂಬ ತಕರಾರು ಎದ್ದಿತು. ಇಟಲಿಯ ಕವಿ ಗಾಬ್ರಿಯೇಲೆ ದನ್ನುಂಜಿಯೊ 1920ರಲ್ಲಿ ಫಿಯಟ್ ಕಂಪನಿಯ ಒಡೆಯ ಆನ್ಯೆಲ್ಲಿಗೆ ಪತ್ರ ಬರೆದು ‘ಆಟೋಮೊಬಿಲೆ’ ಸ್ತ್ರೀಲಿಂಗವೆಂದು ತೀರ್ಪು ಕೊಟ್ಟ. ಇಂಗ್ಲಿಷರು ಹಡಗನ್ನು ‘ಅವಳು’ ಎನ್ನುತ್ತಿದ್ದರು. ಹಡಗು ವ್ಯಾಪಾರದ ಹಳೆಯ ಪತ್ರಿಕೆ ಲಾಯ್ಡ್ಸ್ ಲಿಸ್ಟ್ 2002ರಲ್ಲಿ ಆ ಪದ್ಧತಿ ಕೈಬಿಟ್ಟಿತು. ಹಿಂದಿಯಲ್ಲಿ ‘ಗಾಡೀ’ ಸ್ತ್ರೀಲಿಂಗ. ಅದೇ ಗಾಡಿ ಕನ್ನಡಕ್ಕೆ ಬಂದ ಕೂಡಲೇ ‘ಅದು’ ಆಯಿತು. ಬಸ್, ಕಾರ್, ಜೀಪ್‌ಗಳ ಬಾಲಕ್ಕೆ ಒಂದು ಉಕಾರ ಕಟ್ಟಿ ಎಲ್ಲವನ್ನೂ ನಪುಂಸಕಲಿಂಗದ ಕೊಟ್ಟಿಗೆಗೆ ಸೇರಿಸಿದೆವು.

ಸೋಜಿಗವೆಂದರೆ ಹೆಸರು ಹೆಣ್ಣಾದರೂ ಕ್ರಿಯಾಪದ ಮಣಿಯುವುದಿಲ್ಲ. ಕುಂದಾಪುರದ ಕಡೆ ಬಸ್ಸಿಗೆ ಕಾಯುವವರು ‘ದುರ್ಗಾಂಬಾ ಬಂತಾ?’ ಎಂದು ಕೇಳುತ್ತಾರೆ, ‘ಬಂದಳಾ?’ ಎನ್ನುವುದಿಲ್ಲ. ಮಡಿಕೇರಿಯಲ್ಲೂ ಹಾಗೆಯೇ. ವಿಜಯದಶಮಿಯ ರಾತ್ರಿ ಹತ್ತು ದೇವಸ್ಥಾನಗಳ ಮಂಟಪಗಳು ಟ್ರ್ಯಾಕ್ಟರುಗಳ ಮೇಲೇರಿ, ಅಸುರಸಂಹಾರದ ಕಥೆ ಆಡಿಸುತ್ತ ಬೀದಿಗೆ ಬರುತ್ತವೆ. ಮೊದಲು ಪೇಟೆ ಶ್ರೀರಾಮ ಮಂದಿರದ್ದು. ದಾರಿಬದಿಯಲ್ಲಿ ಚಳಿಗೆ ಮುದುಡಿ ನಿಂತ ಜನ ‘ಕೋಟೆ ಗಣಪತಿ ಬಂತು’, ‘ದಂಡಿನ ಮಾರಿಯಮ್ಮ ಇನ್ನೂ ಹೊರಟಿಲ್ಲವಂತೆ’ ಎಂದು ಮಾತಾಡಿಕೊಳ್ಳುತ್ತಾರೆ. ಅಲ್ಲಿ ಬಂದದ್ದು ದೇವರೋ, ಮಂಟಪವೋ, ಟ್ರ್ಯಾಕ್ಟರೋ? ಬೇರ್ಪಡಿಸಿ ಹೇಳಲಾಗದು. ಉಳುವ ಯಂತ್ರ ಆ ಒಂದು ರಾತ್ರಿಯ ಮಟ್ಟಿಗೆ ಗುಡಿಯ ಅರ್ಥದಲ್ಲಿ ವಾಹನವಾಗಿರುತ್ತದೆ.

‘ಅದು’ ಎಂದರೆ ನಿರ್ಜೀವ ಎಂದೋ, ಪ್ರೀತಿಯಿಲ್ಲ ಎಂದೋ ತಿಳಿಯಬಾರದು. ಕನ್ನಡದಲ್ಲಿ ಮಗುವೂ ನಪುಂಸಕಲಿಂಗವೇ: ಮಗು ಅತ್ತಿತು, ಮಗು ನಕ್ಕಿತು. ಹವ್ಯಕರ ಮನೆಮಾತಿನಲ್ಲಿ ‘ಅಕ್ಕ ಬಂತು’ ಎನ್ನುತ್ತಾರೆ, ಅದರಲ್ಲಿ ಅಕ್ಕರೆಗೇನೂ ಕೊರತೆಯಿಲ್ಲ. ನಮ್ಮ ವೈಯಾಕರಣರಿಗೂ ಇದು ಗೊತ್ತಿತ್ತು. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಲಿಂಗವನ್ನು ಮೂರಕ್ಕೆ ನಿಲ್ಲಿಸದೆ, ಎರಡು ಕಡೆಗೂ ಸಲ್ಲುವ ಶಬ್ದಗಳಿಗೆ ಬೇರೆ ಹೆಸರಿಟ್ಟ. ‘ಶನಿ ಕಾಡಿದನು’ ಎಂದರೂ ಸರಿ, ‘ಶನಿ ಕಾಡಿತು’ ಎಂದರೂ ಸರಿ, ಅದು ಪುನ್ನಪುಂಸಕಲಿಂಗ. ‘ದೇವತೆ ಒಲಿದಳು’, ‘ದೇವತೆ ಒಲಿಯಿತು’ ಎರಡೂ ಸಲ್ಲುವುದರಿಂದ ಅದು ಸ್ತ್ರೀನಪುಂಸಕಲಿಂಗ. ಇಲ್ಲಿ ಲಿಂಗ ವಸ್ತುವಿಗೆ ಹುಟ್ಟಿನಿಂದ ಅಂಟಿದ್ದಲ್ಲ. ಮಾತಾಡುವವರು ಕೊಡುವಂಥದ್ದು.

ಕೊಡಗಿನಲ್ಲಿ ಇದು ಎದ್ದು ಕಾಣುವುದು ಆನೆಗಳ ವಿಷಯದಲ್ಲಿ. ಕಾಡಿನಿಂದ ತೋಟಕ್ಕೆ ನುಗ್ಗಿದಾಗ ‘ಆನೆ ಬಂತು’. ಅದೇ ಆನೆ ಶಿಬಿರಕ್ಕೆ ಬಂದು ಪಳಗಿ, ಮಾವುತರಿಂದ ಹೆಸರು ಪಡೆದ ಮೇಲೆ ‘ಅವನು’ ಆಗುತ್ತದೆ. 2020ರಿಂದ ಮೈಸೂರು ದಸರೆಯ ಅಂಬಾರಿ ಹೊತ್ತವನು ಮತ್ತಿಗೋಡು ಶಿಬಿರದ ಅಭಿಮನ್ಯು. ಅವನಿಗೂ ಮೊದಲು ಹೊತ್ತವನು ಅರ್ಜುನ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರಿನ ಕಾಡಿನಲ್ಲಿ ಕಾಡಾನೆಯೊಡನೆ ಸೆಣಸುತ್ತ ಅರ್ಜುನ ಸತ್ತಾಗ ‘ಅದು ಸತ್ತಿತು’ ಎನ್ನಲು ಯಾರ ನಾಲಿಗೆಯೂ ಏಳಲಿಲ್ಲ. ನಾಡು ಅತ್ತಿತು. ಚಾಮುಂಡೇಶ್ವರಿಯನ್ನು ಹೊತ್ತ ಆ ಆನೆ ಅತ್ಯಂತ ಹಳೆಯ ಅರ್ಥದಲ್ಲಿ ವಾಹನ. ಹೊತ್ತು ದುಡಿದ ಜೀವಕ್ಕೆ ಕನ್ನಡ ‘ಅದು’ವಿನಿಂದ ‘ಅವನು’ವಿಗೆ ಬಡ್ತಿ ಕೊಡುತ್ತದೆ. ಡ್ಯಾಶ್‌ಬೋರ್ಡ್ ತಟ್ಟಿ ‘ಬಾ ಮಗ’ ಎನ್ನುವ ಜೀಪು ಚಾಲಕನೂ ಮಾಡುವುದು ಅದನ್ನೇ. ಆರು ಜನರನ್ನು, ಜೊತೆಗೆ ತನ್ನ ಮನೆಯ ಅನ್ನವನ್ನೂ ಹೊತ್ತು ಬೆಟ್ಟ ಹತ್ತುವುದಕ್ಕೆ ಅವನು ಹಾಗೆ ಬಡ್ತಿ ಕೊಡುತ್ತಾನೆ.

ಹೀಗೆ ಜನ ದುಡಿಮೆ ನೋಡಿ ಇಟ್ಟ ಹೆಸರಿಗೂ ಕಂಪನಿಗಳು ಇಡುವ ಹೆಸರಿಗೂ ಬಹಳ ಅಂತರವಿದೆ. ಮರ್ಸಿಡಿಸ್ ಎಂಬುದು ಡೈಮ್ಲರ್ ಕಾರುಗಳ ವ್ಯಾಪಾರಿ ಎಮಿಲ್ ಯೆಲ್ಲಿನೆಕ್‌ನ ಮಗಳ ಹೆಸರು. 1902ರಲ್ಲಿ ಅದು ವ್ಯಾಪಾರಮುದ್ರೆಯಾಗಿ ನೋಂದಣಿಯಾಯಿತು. ಚಿತ್ತೋಡದ ರಾಣಿಯ ಹೆಸರಿನ ಪ್ರೀಮಿಯರ್ ಪದ್ಮಿನಿ 1970ರ ದಶಕದಲ್ಲಿ ಬಂತು. ನಮ್ಮ ಜನ ಅದನ್ನು ಪದ್ಮಿನಿ ಎಂದದ್ದಕ್ಕಿಂತ ಫಿಯಟ್ಟು ಎಂದದ್ದೇ ಹೆಚ್ಚು. ಕಾರ್ಖಾನೆಯಿಂದ ಬಂದ ಹೆಸರು ಬಾಯಿಗೆ ಹತ್ತಲೇಬೇಕೆಂದಿಲ್ಲ.

ಬೆಂಗಳೂರಿನಿಂದ ಮಡಿಕೇರಿಗೆ ಈಗ ಕೆಎಸ್‌ಆರ್‌ಟಿಸಿಯ ವಿದ್ಯುತ್ ಬಸ್ಸುಗಳು ಓಡುತ್ತಿವೆ. ಹೊಗೆಯಿಲ್ಲ, ಗದ್ದಲವಿಲ್ಲ, ಘಾಟಿ ಹತ್ತುವಾಗ ಎಂಜಿನ್ನಿನ ಏದುಸಿರಿಲ್ಲ. ಬದಿಯಲ್ಲಿ ಬರೆದಿರುವುದು ‘ಇವಿ ಪವರ್ ಪ್ಲಸ್’. ಐರಾವತ, ರಾಜಹಂಸ, ಪಲ್ಲಕ್ಕಿಗಳ ಸಾಲಿನಲ್ಲಿ ಈ ಬಸ್ಸು ಅಂಥದೊಂದು ಹೆಸರಿಲ್ಲದೆ ನಿಂತಿದೆ. ಅದಕ್ಕೂ ಒಂದು ಕನ್ನಡದ ಹೆಸರು ಕೊಡಿ ಎಂದು ನಿಗಮವನ್ನು ಕೇಳಬೇಕೆನಿಸುತ್ತದೆ. ಕೊಡದಿದ್ದರೆ, ದಿನಾ ಅದೇ ಬಸ್ಸಿಗೆ ಕಾಯುವ ಜನರೇ ಒಂದನ್ನು ಇಟ್ಟುಕೊಳ್ಳುತ್ತಾರೆ.