ಮಲಗಿದ ವೈರಸ್ ಮತ್ತು 73 ವರ್ಷದ ಲೆಕ್ಕ

"ರಿಪೋರ್ಟ್‌ನಲ್ಲಿ ಎಚ್‌ಐವಿ ಕಾಣಿಸ್ತಿಲ್ಲ ಅಂದ್ಮೇಲೂ ಜೀವನಪೂರ್ತಿ ಮಾತ್ರೆ ಯಾಕೆ?" ಈ ಪ್ರಶ್ನೆಗೆ ಉತ್ತರ ಬೇಕು ಅಂದ್ರೆ 1996ಕ್ಕೆ ಹೋಗಬೇಕು.

ಮೂರು ಔಷಧಿಗಳನ್ನ ಒಟ್ಟಿಗೆ ಕೊಡೋ ಚಿಕಿತ್ಸೆ ಆಗಷ್ಟೇ ಬಂದಿತ್ತು. ಸಾವಿನ ದಾರಿ ಕಾಯ್ತಿದ್ದವರು ಹಾಸಿಗೆ ಬಿಟ್ಟು ಎದ್ದರು. 'ಟೈಮ್' ಪತ್ರಿಕೆ ವಿಜ್ಞಾನಿ ಡೇವಿಡ್ ಹೋ ಅವರನ್ನ ವರ್ಷದ ವ್ಯಕ್ತಿ ಅಂತ ಆರಿಸಿತು. ಮರುವರ್ಷ ಮೇ ತಿಂಗಳಲ್ಲಿ ಹೋ ಮತ್ತು ಸಂಗಡಿಗರು ಒಂದು ಲೆಕ್ಕ ಕೊಟ್ಟರು: ಮಾತ್ರೆ ತಪ್ಪಿಸದಿದ್ದರೆ ಸುಮಾರು ಎರಡರಿಂದ ಮೂರು ವರ್ಷದಲ್ಲಿ ವೈರಸ್ ಪೂರ್ತಿ ಖಾಲಿಯಾಗಬಹುದು. ಬೇರೆಲ್ಲೂ ಅದು ಅಡಗಿರದಿದ್ದರೆ ಮಾತ್ರ.

ಅಡಗಿತ್ತು. ಅದೇ ನವೆಂಬರ್‌ನಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ರಾಬರ್ಟ್ ಸಿಲಿಸಿಯಾನೊ ತಂಡವೂ ಸೇರಿ ಮೂರು ತಂಡಗಳು ಅದನ್ನ ತೋರಿಸಿದವು. ನಮ್ಮ ಸಿಡಿ4 ಕೋಶಗಳಲ್ಲಿ ಕೆಲವು, ಹಳೇ ಸೋಂಕಿನ ನೆನಪು ಇಟ್ಕೊಂಡು ವರ್ಷಗಟ್ಟಲೆ ಸುಮ್ಮನೆ ಮಲಗುತ್ತವೆ. ಎಚ್‌ಐವಿ ತನ್ನ ವಂಶವಾಹಿಯನ್ನ ಅವುಗಳ ಡಿಎನ್‌ಎ ಒಳಗೇ ಸೇರಿಸಿಬಿಟ್ಟಿರುತ್ತೆ. ಮಾತ್ರೆ ತಡೆಯೋದು ವೈರಸ್ ಹೊಸ ಕೋಶಕ್ಕೆ ಹರಡೋದನ್ನ. ಮಲಗಿರೋ ಕೋಶ ವೈರಸ್ಸನ್ನೇ ತಯಾರಿಸ್ತಿಲ್ಲ, ಹಾಗಾಗಿ ಮಾತ್ರೆಗೆ ಅಲ್ಲಿ ಕೆಲಸವಿಲ್ಲ, ರೋಗನಿರೋಧಕ ಶಕ್ತಿಗೂ ಅದು ಕಾಣಲ್ಲ. ಬಿಕಾಂ ಓದಿದವನ ಭಾಷೆಯಲ್ಲಿ ಹೇಳೋದಾದ್ರೆ, ವ್ಯವಹಾರ ನಿಂತ ಖಾತೆ, ಮುಚ್ಚಿದ ಖಾತೆ ಅಲ್ಲ. ಕೋಶ ಎಚ್ಚರವಾದ ದಿನ ವೈರಸ್ ಹೊರಗೆ.

ಇಂಥವು ಇರೋದು ಸುಮಾರು ಹತ್ತು ಲಕ್ಷ ಮಲಗಿದ ಕೋಶಗಳಿಗೆ ಒಂದು. ಚಿಕಿತ್ಸೆಯಲ್ಲಿದ್ದಾಗ ಇವುಗಳ ಸಂಖ್ಯೆ ಅರ್ಧಕ್ಕೆ ಇಳಿಯೋಕೆ ಬೇಕಾಗೋದು 44 ತಿಂಗಳು. ಮೊಬೈಲ್‌ನಲ್ಲೇ ಲೆಕ್ಕ ಹಾಕಿ: ದೇಹದಲ್ಲಿ ಅಂಥ ಹತ್ತು ಲಕ್ಷ ಕೋಶ ಇದ್ರೆ, ಒಂದಕ್ಕೆ ಇಳಿಯೋಕೆ ಇಪ್ಪತ್ತು ಸಲ ಅರ್ಧವಾಗಬೇಕು. 880 ತಿಂಗಳು. 73 ವರ್ಷ! 2003ರಲ್ಲಿ ಸಿಲಿಸಿಯಾನೊ ತಂಡ ಕೊಟ್ಟಿದ್ದೂ ಇದೇ ಅಂಕಿ. ಆ ಕೋಶಗಳು ಒಡೆದು ತಮ್ಮಂಥದ್ದೇ ಕೋಶಗಳನ್ನ ಹುಟ್ಟಿಸ್ತವೆ ಅನ್ನೋದು ಆಮೇಲೆ ಗೊತ್ತಾಯ್ತು. ಅಸಲು ತೀರೋ ಮೊದಲೇ ಬಡ್ಡಿ.

ಹಾಗಾದ್ರೆ ವೈರಸ್ ಅಡಗೋ ಮೊದಲೇ ಔಷಧಿ ಕೊಟ್ರೆ? ಅಮೆರಿಕದ ಮಿಸಿಸಿಪ್ಪಿಯಲ್ಲಿ 2010ರಲ್ಲಿ ಹುಟ್ಟಿದ ಮಗುವಿಗೆ 30 ಗಂಟೆಯೊಳಗೆ ಚಿಕಿತ್ಸೆ ಶುರುವಾಯ್ತು. ಸುಮಾರು ಒಂದೂವರೆ ವರ್ಷಕ್ಕೆ ಮನೆಯವರು ಔಷಧಿ ನಿಲ್ಲಿಸಿದ್ರು. ಆದರೂ ವೈರಸ್ ಇಲ್ಲ! 2013ರಲ್ಲಿ ಮಗು ಗುಣವಾಗಿದೆ ಅಂತ ಜಗತ್ತೆಲ್ಲಾ ಸುದ್ದಿ. ಔಷಧಿ ಇಲ್ಲದೆ 27 ತಿಂಗಳು ಕಳೆದವು.

2014ರ ಜುಲೈನಲ್ಲಿ ಮತ್ತೊಂದು ಸುದ್ದಿ ಬಂತು: ಮಾಮೂಲಿ ತಪಾಸಣೆಯಲ್ಲಿ ಮಗುವಿನ ರಕ್ತದಲ್ಲಿ ವೈರಸ್ ಸಿಕ್ಕಿತ್ತು. ನಾಲ್ಕು ವರ್ಷ ತುಂಬೋ ಹೊತ್ತಿಗೆ ಮಾತ್ರೆ ಮತ್ತೆ ಶುರು.